ಬ್ಲೂ-ರೇಯಲ್ಲಿ ಕಂಡ ಕಾಲರ್

ಬ್ಲೂ-ರೇ ಡಿಸ್ಕಿನ ಹೊಳೆಯುವ ಮೈಮೇಲೆ ಒಂಬತ್ತು ದಸರೆಗಳ ಕುಂಕುಮವಿತ್ತು. ಒದ್ದೆ ಬಟ್ಟೆಯಿಂದ ಒರೆಸಿ, ಖಾರಘರದ ನನ್ನ ಮನೆಯಿಂದ ಹೊತ್ತು ತಂದಿದ್ದ ಬ್ಲೂ-ರೇ ಪ್ಲೇಯರಿಗೆ ಹಾಕಿದೆ.

ಅದು ಡೊಂಬಿವಲಿಯಲ್ಲಿರುವ ನನ್ನ ಸೋದರತ್ತೆಯ ಮಗಳ ಮದುವೆಯ ವಿಡಿಯೊ. ಫೋಟೊಗ್ರಾಫರ್ ಡಿವಿಡಿಯ ಜೊತೆ ಇದನ್ನೂ ಕೊಟ್ಟಿದ್ದ. ಅತ್ತೆಯ ಮನೆಯ ಡಿವಿಡಿ ಪ್ಲೇಯರಿನಲ್ಲಿ ಇದು ಓಡಲಿಲ್ಲ. ಎಸೆಯಲು ಮನಸ್ಸಾಗದೆ ಅತ್ತೆ ದೇವರ ಮುಂದಿಟ್ಟು, ಪ್ರತಿ ಆಯುಧಪೂಜೆಗೆ ಮಿಕ್ಸರ್, ಇಸ್ತ್ರಿಪೆಟ್ಟಿಗೆಗಳ ಸಾಲಿನಲ್ಲಿ ಇದಕ್ಕೂ ಕುಂಕುಮ ಹಚ್ಚುತ್ತಿದ್ದರು.

ಡಿವಿಡಿಯನ್ನು ನಾವೆಲ್ಲ ಎಷ್ಟೋ ಸಲ ನೋಡಿದ್ದೆವು. ಇದರಲ್ಲಿ ಮಾತ್ರ ಅಕ್ಷತೆಯ ಒಂದೊಂದು ಕಾಳೂ ಬೇರೆಬೇರೆಯಾಗಿ ಕಾಣುತ್ತಿತ್ತು. ಬೀಗರಿಗೆ ಕೈಮುಗಿಯುತ್ತಿದ್ದ ಮಾವನ ಅಂಗಿಯ ಕಾಲರೂ ಕಂಡಿತು. ಹರಿದಲ್ಲಿ ಬೇರೆ ಬಣ್ಣದ ದಾರದಿಂದ ಹೊಲಿಗೆ ಹಾಕಲಾಗಿತ್ತು.

“ಎಲ್ಲಾರಿಗೂ ಹೊಸಾ ಅರಿವಿ ತಂದು, ನನಗೂ ಒಂದು ಹೊಸಾ ಅಂಗಿ ತಗೊಂಡೀನಿ ಅಂದಿದ್ರಿ,” ಎಂದರು ಅತ್ತೆ.

ಮಾವ ಟಿವಿಯಿಂದ ಕಣ್ಣು ತೆಗೆಯಲಿಲ್ಲ. “ಡಿವಿಡಿಯೊಳಗ ಹೊಸಾದ ಕಾಣತಿತ್ತಲ್ಲ.”

ಡಿಸ್ಕ್ ಮತ್ತೆ ದೇವರ ಮುಂದೆಯೇ ಇದೆ. ಈ ದಸರೆಗೆ ಅದರ ಪಕ್ಕದಲ್ಲಿ ಮಾವನ ಅಳತೆಯ ಹೊಸ ಅಂಗಿಯೊಂದಿತ್ತು. ಅತ್ತೆ ಕುಂಕುಮವನ್ನು ಸರಿಯಾಗಿ ಕಾಲರಿಗೇ ಹಚ್ಚಿದ್ದರು.