ಕುಂಕುಮ ಹಚ್ಚಿದ ಮತ

ಭುವನೇಶ್ವರಿ ನಾಲ್ಕು ಬದನೆಕಾಯಿ ಆರಿಸುವ ಹೊತ್ತಿಗೆ ಬೇರೆಯವರು ಎಣ್ಣೆಗಾಯಿ ಮಾಡಿ, ಉಂಡು, ಕೈ ತೊಳೆದಿರುತ್ತಾರೆ. ಇದು ಅವಳ ಗಂಡ ವೀರಣ್ಣನ ದೂರು, ಸುಳ್ಳೇನೂ ಅಲ್ಲ. ಕ್ಯಾಲಿಫೋರ್ನಿಯಾದ ಗಿಲ್‌ರಾಯ್ ಊರಿನ ಕ್ಲಿನಿಕ್ಕಿನಲ್ಲಿ ಇದೇ ಹೆಂಗಸು ಎಂಥ ಅಡಗಿದ ನರವನ್ನೂ ಒಂದೇ ಚುಚ್ಚಿಗೆ ಹಿಡಿದು ರಕ್ತ ತೆಗೆಯುತ್ತಾಳೆ. ಪರರ ಮೈ ಮುಟ್ಟುವಾಗ ಇರುವ ಧೈರ್ಯ, ತನ್ನದೊಂದು ನಿರ್ಧಾರ ಎಂದ ಕೂಡಲೇ ಎಲ್ಲಿಗೆ ಓಡುತ್ತದೋ ದೇವರೇ ಬಲ್ಲ. ಅಂಥವಳ ಕೈಗೆ ಐವತ್ತಾರನೆಯ ವಯಸ್ಸಿನಲ್ಲಿ ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಯ ಒಂದು ಮತ ಬಂದು ಕೂತಿತು.

ಗದಗಿನಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಮದುವೆಯಾಗಿ ಇಂಗ್ಲೆಂಡಿನ ಒಂದು ಪುಟ್ಟ ಊರಿಗೆ ಹೋದವಳು ಅವಳು. ಹನ್ನೆರಡು ವರ್ಷ ಅಲ್ಲಿನ ಆಸ್ಪತ್ರೆಯಲ್ಲಿ ದುಡಿದಳು, ಅಲ್ಲಿನ ಪ್ರಜೆಯೂ ಆದಳು. ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಬಂದ ದಿನ ಬಸ್ಸಿನಲ್ಲಿ ಕೂತು ಅತ್ತಿದ್ದಳು. ಆಮೇಲೆ ವೀರಣ್ಣನಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸವಾಯಿತು. ಅವನು ಅಮೆರಿಕದ ಪ್ರಜೆಯಾದ; ಇನ್ನೊಂದು ಸಲ ಕೈ ಎತ್ತಿ ಪ್ರಮಾಣ ಮಾಡುವ ಮನಸ್ಸಾಗದೆ ಅವಳು ಗ್ರೀನ್ ಕಾರ್ಡಿಗೇ ನಿಂತಳು. ದೇಶ ಬಿಟ್ಟು ಹದಿನೈದು ವರ್ಷ ದಾಟಿದವರಿಗೆ ಮತವಿಲ್ಲ ಎಂದು ಬ್ರಿಟನ್ನಿನ ಕಾನೂನು. ಹೀಗೆ ಮೂರು ದೇಶದ ನೀರು ಕುಡಿದವಳಿಗೆ ಮೂರರಲ್ಲೂ ಮತವಿರಲಿಲ್ಲ. ನಿಜ ಹೇಳಬೇಕೆಂದರೆ ಅದು ಅವಳಿಗೆ ನೆಮ್ಮದಿಯೇ ಆಗಿತ್ತು.

2024ರ ಜನವರಿಯಲ್ಲಿ ಆ ಹದಿನೈದು ವರ್ಷದ ಮಿತಿಯನ್ನು ತೆಗೆದುಹಾಕಿದರು. ಸುದ್ದಿ ತಿಳಿದದ್ದೇ ತಡ, ಮಗಳು ನಿವೇದಿತಾ ಫೋನಿನಲ್ಲೇ ಕೂತು ಅಮ್ಮನ ಕೈಯಲ್ಲಿ ಅರ್ಜಿ ತುಂಬಿಸಿದಳು. ನಿವೇದಿತಾ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಓದಲು ಮರಳಿ ಹೋಗಿ ನಿಂತದ್ದೂ ಅಲ್ಲೇ. ಒಂದು ಪ್ರಾಥಮಿಕ ಶಾಲೆಯಲ್ಲಿ ಸಹಾಯಕಿ. ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಗೌತಮನನ್ನು ಮದುವೆಯಾಗಿದ್ದಳು. ಗಂಡನನ್ನು ಕರೆಸಿಕೊಳ್ಳಬೇಕಾದರೆ ಹೆಂಡತಿಯ ಸಂಬಳ ಇಷ್ಟಿರಬೇಕು ಎಂದು ಅಲ್ಲೊಂದು ಗೆರೆ. ಆಳುತ್ತಿದ್ದ ಕನ್ಸರ್ವೇಟಿವ್ ಪಕ್ಷ ಆ ಗೆರೆಯನ್ನು ಏಪ್ರಿಲ್‌ನಲ್ಲಿ ಮೇಲಕ್ಕೇರಿಸಿತು, ಇನ್ನೂ ಏರಿಸುತ್ತೇವೆ ಎಂದೂ ಹೇಳಿತು. ನಿವೇದಿತಾಳ ಸಂಬಳ ಕೆಳಗೇ ಉಳಿಯಿತು. ಗೌತಮ ಹುಬ್ಬಳ್ಳಿಯಲ್ಲಿ ಉಳಿದ.

ಲೇಬರ್ ಪಕ್ಷ ಬಂದರೆ ಗೆರೆ ಇಳಿಯುತ್ತದೆ ಎಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೆ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ನಿವೇದಿತಾ ಇರುವ ಕಡೆ ಯಾರು ಗೆಲ್ಲುತ್ತಾರೆಂದು ಎಲ್ಲರಿಗೂ ಮೊದಲೇ ಗೊತ್ತು. ಭುವನೇಶ್ವರಿಯ ಮತವಿದ್ದದ್ದು ಅವಳು ಹಿಂದೆ ಇದ್ದ ಊರಿನಲ್ಲಿ, ಅಲ್ಲಿ ಹೋದ ಸಲ ಸೋಲುಗೆಲುವಿನ ನಡುವೆ ಇದ್ದದ್ದು ಇನ್ನೂರು ಚಿಲ್ಲರೆ ಮತ. “ಅಮ್ಮಾ, ನಾನು ನಿನ್ನ ಹತ್ರ ಏನೂ ಕೇಳಿಲ್ಲ, ಎವರ್. ದಿಸ್ ಒನ್ ಥಿಂಗ್,” ಎಂದಳು ಮಗಳು.

ಇಷ್ಟೇ ಆಗಿದ್ದರೆ ಬದನೆಕಾಯಿ ಆರಿಸುವವಳೂ ಐದು ನಿಮಿಷದಲ್ಲಿ ಮುಗಿಸುತ್ತಿದ್ದಳು. ಆದರೆ ಆ ಊರಿನಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ನಿಂತದ್ದು ಬ್ರೆಂಡಾ.

ಬ್ರೆಂಡಾ ಅಲ್ಲಿ ಇವರ ಪಕ್ಕದ ಮನೆಯವಳು. ಭುವನೇಶ್ವರಿ ಬಸುರಿಯಾಗಿದ್ದಾಗ ಅತ್ತೆ ಬಂಗಾರೆವ್ವ ಬಾಣಂತನಕ್ಕೆಂದು ಅರಿವೆ ಗಂಟು ಕಟ್ಟಿಕೊಂಡು ಧಾರವಾಡದಲ್ಲಿ ಕೂತಿದ್ದಳು, ವೀಸಾ ಕೊಡಲಿಲ್ಲ. ವೀರಣ್ಣ ಕಂಪನಿ ಕೆಲಸಕ್ಕೆ ಜರ್ಮನಿಯಲ್ಲಿದ್ದ. ಹಿಮ ಸುರಿಯುವ ಒಂದು ಬೆಳಿಗ್ಗೆ ನೋವು ಶುರುವಾದಾಗ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಮುಟ್ಟಿಸಿದವಳು ಬ್ರೆಂಡಾ. ಆಮೇಲೆ ಒಂದು ತಿಂಗಳು ದಿನವೂ ಹತ್ತು ಗಂಟೆಗೆ ಬಂದು, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆದವಳೂ ಅವಳೇ. ಫೋನಿನಲ್ಲಿ ಬಂಗಾರೆವ್ವ ಧಾರವಾಡದ ಕನ್ನಡದಲ್ಲಿ ಹೇಳುವುದು, ಭುವನೇಶ್ವರಿ ಇಂಗ್ಲಿಷಿಗೆ ತಿರುಗಿಸುವುದು, ಬ್ರೆಂಡಾ ಕೂಸಿನ ಮೂಗು ಹಿಡಿದು ತಿದ್ದುವುದು. ಧಾರವಾಡದಿಂದ ಅಂಟಿನುಂಡೆಯ ಪಾರ್ಸಲು ಬರುತ್ತಿತ್ತು, ನಾಲ್ಕೂ ಮೂಲೆಗೆ ಕುಂಕುಮ ಹಚ್ಚಿಕೊಂಡು. ಇದೇನು ಕೆಂಪು ಎಂದು ಬ್ರೆಂಡಾ ಕೇಳಿದ್ದಳು. ಮನೆ ಬಿಟ್ಟು ಹೊರಟದ್ದು ಸುಖವಾಗಿ ಮುಟ್ಟಲಿ ಎಂದು ನಮ್ಮ ಅತ್ತೆ ಹಚ್ಚುತ್ತಾರೆ ಎಂದಿದ್ದಳು ಭುವನೇಶ್ವರಿ. ಬ್ರೆಂಡಾ ಆ ಡಬ್ಬಿಗಳನ್ನು ಎಸೆಯದೆ ಅವುಗಳಲ್ಲಿ ಗುಂಡಿ, ದಾರ ಇಟ್ಟುಕೊಂಡಳು.

ಹೀಗಾಗಿ ಅತ್ತ ದರಿ, ಇತ್ತ ಪುಲಿ. ಜೂನ್ ತಿಂಗಳೆಲ್ಲ ಭುವನೇಶ್ವರಿಗೆ ಊಟ ಸೇರಲಿಲ್ಲ. ಕಾರು ನಡೆಸುವಾಗ ಇಳಿಯಬೇಕಾದ ತಿರುವು ಬಿಟ್ಟು ಮುಂದೆ ಹೋದಳು, ಒಂದಲ್ಲ, ಮೂರು ಸಲ. ಮತಪತ್ರ ಅಂಚೆಯಲ್ಲಿ ಬರದೇ ಇದ್ದರೆ ಸಾಕು ಎಂದು ಒಮ್ಮೆ, ಬಾರದಿದ್ದರೆ ಮಗಳಿಗೇನು ಹೇಳಲಿ ಎಂದು ಇನ್ನೊಮ್ಮೆ.

ಬಂತು. ಜೂನ್ ಇಪ್ಪತ್ತೊಂಬತ್ತು, ಶನಿವಾರ. ಮತದಾನ ಗುರುವಾರ. ಸೋಮವಾರ ನಾಲ್ಕು ಗಂಟೆಯೊಳಗೆ ಕೊರಿಯರಿಗೆ ಕೊಟ್ಟರೆ ಮಾತ್ರ ಹೊತ್ತಿಗೆ ಸರಿಯಾಗಿ ಮುಟ್ಟೀತು.

ವೀರಣ್ಣನಿಗೆ ಇದೆಲ್ಲ ತಮಾಷೆ. ದಿನಾ ನಸುಕಿನಲ್ಲೆದ್ದು ಮೆನ್ಲೋ ಪಾರ್ಕಿನ ಆಫೀಸಿನವರೆಗೆ ಕಾರು ಓಡಿಸುವವನಿಗೆ ಶನಿವಾರ ಬಂದರೆ ನಿದ್ದೆಯೇ ದೇವರು. ಹೆಂಡತಿಯ ಒಂದು ಮತದಿಂದ ಇಂಗ್ಲೆಂಡ್ ತಲೆಕೆಳಗಾಗುವುದಿಲ್ಲ, ಮೊದಲು ಊಟಕ್ಕೆ ಬಡಿಸಲಿ ಎಂದ. ಬಂಗಾರೆವ್ವ ಹಾಗಲ್ಲ. ಎಂಬತ್ತರ ಮುದುಕಿ, ಈಗ ಮಗನ ಮನೆಯಲ್ಲೇ ಇರುವವಳು, ಬ್ರೆಂಡಾಳ ಮುಖವನ್ನು ಫೋಟೋದಲ್ಲಿ ಬಿಟ್ಟು ಕಂಡವಳಲ್ಲ. ಬೆಳ್ಳುಳ್ಳಿ ಸುಲಿಯುತ್ತ ಒಂದೇ ಮಾತು ಹೇಳಿದಳು: “ನನ್ನ ಬದಲಿ ಕೂಸಿಗೆ ಎರದಾಕಿ ಆಕಿ. ಆಕೀನ್ನ ಬಿಟ್ಟು ಇನ್ಯಾರಿಗೆ ಹಾಕ್ತೀಯವ್ವಾ?”

ಭುವನೇಶ್ವರಿ ಸುಲಿದ ಬೆಳ್ಳುಳ್ಳಿ ಎತ್ತಿಕೊಂಡು ಒಲೆಯ ಕಡೆ ನಡೆದಳು. ಕೂಸಿಗೆ ಎರೆದವಳ ಋಣ ದೊಡ್ಡದು, ನಿಜ. ಆದರೆ ಆ ಕೂಸೇ ಈಗ ಒಂಟಿ ಕೋಣೆಯಲ್ಲಿ ಕೂತು ಗಂಡನ ಮುಖವನ್ನು ಫೋನಿನಲ್ಲಿ ನೋಡುತ್ತಿದೆಯಲ್ಲ!

ಭಾನುವಾರ ಹಾಗೇ ಕಳೆಯಿತು. ಸೋಮವಾರ ಕ್ಲಿನಿಕ್ಕಿಗೆ ರಜೆ ಹಾಕಿ, ಬೆಳಿಗ್ಗೆ ಎಂಟಕ್ಕೆ ಮತಪತ್ರ ಮುಂದಿಟ್ಟುಕೊಂಡು ಕೂತಳು. ಕೊನೆಗೆ ಅವಳನ್ನು ದಡ ಹತ್ತಿಸಿದ್ದು ಒಂದೇ ಯೋಚನೆ: ಮತವೆಂಬುದು ಗುಪ್ತ. ಯಾರಿಗೆ ಹಾಕಿದೆನೆಂದು ಬ್ರೆಂಡಾಗೆ ಜನ್ಮದಲ್ಲಿ ತಿಳಿಯುವುದಿಲ್ಲ. ತಿಳಿಯದೆ ಹೋದರೆ ನೋವೂ ಇಲ್ಲ. ಕಣ್ಣು ಮುಚ್ಚಿ ತೆರೆದು, ಅಲ್ಲಿನ ಪದ್ಧತಿಯಂತೆ ಲೇಬರ್ ಅಭ್ಯರ್ಥಿಯ ಹೆಸರಿನ ಮುಂದೆ ಕತ್ತರಿ ಗುರುತು ಹಾಕಿದಳು.

ಹಾಕಿದವಳು ಲಕೋಟೆಗೆ ಸೇರಿಸಿ ಅಂಟಿಸಿಬಿಡಬೇಕಿತ್ತು. ಕೈ ಬರಲಿಲ್ಲ. ಸ್ನಾನ ಮಾಡಿ ಬಂದು ಇನ್ನೊಮ್ಮೆ ನೋಡಿ ಅಂಟಿಸೋಣ ಎಂದು ಮಡಚಿ ದೇವರ ಜಗಲಿಯ ಮೇಲಿಟ್ಟಳು. ಅತ್ತೆಗೆ, ಇದು ಇವತ್ತು ಇಂಗ್ಲೆಂಡಿಗೆ ಹೋಗಬೇಕಾದ ಕಾಗದ, ನೀರುಗೀರು ತಾಗದ ಹಾಗೆ ನೋಡಿಕೊಳ್ಳಿ ಎಂದು ಹೇಳಿ ಬಚ್ಚಲಿಗೆ ಹೋದಳು. ಆ ಮಾತೇ ಮುಳುವಾಯಿತು.

ಬಂದು ನೋಡಿದರೆ ಕಾಗದ ಬಿಚ್ಚಿಕೊಂಡು ಮಲಗಿದೆ. ನಾಲ್ಕೂ ಮೂಲೆಗೆ ಲಗ್ನಪತ್ರಿಕೆಗೆ ಹಚ್ಚಿದ ಹಾಗೆ ಹಸಿ ಕುಂಕುಮ. ನಡುವೆ ಇನ್ನೊಂದು ದೊಡ್ಡ ಬೊಟ್ಟು. ಇಂಗ್ಲಿಷ್ ಅಕ್ಷರ ಬಾರದ ಬಂಗಾರೆವ್ವ ಇಟ್ಟ ಆ ನಡುವಿನ ಬೊಟ್ಟು ಬ್ರೆಂಡಾಳ ಹೆಸರಿನ ಪಕ್ಕದಲ್ಲೇ ಇತ್ತು.

“ಯಾಕವ್ವಾ ಹಂಗ ನೋಡ್ತೀ? ದೂರದ ದಾರಿ ಹೋಗೂ ಕಾಗದ, ಕುಂಕುಮ ಹಚ್ಚದ ಕಳಸಬಾರದು,” ಎಂದಳು ಮುದುಕಿ.

ಭುವನೇಶ್ವರಿಗೆ ಕಿರುಚಬೇಕೆನಿಸಿತು. ಅತ್ತೆಯ ಕೆಂಪು ಬೆರಳು ನೋಡಿ ಸುಮ್ಮನಾದಳು. ಹತ್ತಿ ತಂದು ಒರೆಸಿದಳು. ಬೊಟ್ಟು ಹೋಗುವ ಬದಲು ಅಗಲವಾಯಿತು. ಬೇರೆ ಪತ್ರ ತರಿಸಲು ದಿನವಿಲ್ಲ. ಚುನಾವಣಾ ಕಚೇರಿಗೆ ಫೋನು ಮಾಡಿದರೆ ಅಲ್ಲಿ ಆಗಲೇ ಸಂಜೆ, ಯಾರೂ ಎತ್ತಲಿಲ್ಲ. ಮಗಳಿಗೆ ಮಾಡಿದಳು. ನಿವೇದಿತಾ ನಿಯಮ ಹುಡುಕಿ ಓದಿದಳು. ಮತ ಹಾಕಿದವರ ಗುರುತು ಹತ್ತುವಂಥ ಕಲೆಯಿದ್ದರೆ ಮತ ತಿರಸ್ಕಾರ. ಅನುಮಾನವಿದ್ದರೆ ಪತ್ರವನ್ನು ಅಭ್ಯರ್ಥಿಗಳಿಗೂ ಅವರ ಏಜೆಂಟರಿಗೂ ತೋರಿಸಿ ಅಧಿಕಾರಿ ತೀರ್ಮಾನಿಸುತ್ತಾರೆ. ಕಳಿಸಿಬಿಡಮ್ಮ, ಕುಂಕುಮ ನೋಡಿ ಯಾರ ಮನೆಯದೆಂದು ಅವರಿಗೇನು ಗೊತ್ತಾಗುತ್ತದೆ ಎಂದಳು. ಭುವನೇಶ್ವರಿಗೂ ಹೌದೆನಿಸಿತು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕೊರಿಯರಿನವನ ಕೈಗೆ ಲಕೋಟೆ ಕೊಟ್ಟು ಬಂದಳು.

ಮರುದಿನ ಕ್ಲಿನಿಕ್ಕಿನಲ್ಲಿ ಯಾರದೋ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಾಗ ಅವಳ ಕೈ ನಿಂತುಹೋಯಿತು. ಅಭ್ಯರ್ಥಿಗಳಿಗೂ ತೋರಿಸುತ್ತಾರೆ. ಅಭ್ಯರ್ಥಿಗಳಲ್ಲಿ ಬ್ರೆಂಡಾ ಒಬ್ಬಳು. ಮೂಲೆಗೆ ಕುಂಕುಮ ಹಚ್ಚಿ ಕಳಿಸುವ ಮನೆ ಯಾವುದೆಂದು ಆ ಕೋಣೆಯಲ್ಲಿ ಬೇರೆ ಯಾರಿಗೂ ಗೊತ್ತಿರದೆ ಇರಬಹುದು, ಬ್ರೆಂಡಾಗೆ ಗೊತ್ತು. ಕತ್ತರಿ ಗುರುತು ಎಲ್ಲಿದೆಯೆಂದೂ ಅವಳಿಗೆ ಕಾಣುತ್ತದೆ. ಅಂದು ಮೊದಲ ಬಾರಿಗೆ ಭುವನೇಶ್ವರಿಯ ಸೂಜಿ ತಪ್ಪಿತು. ರೋಗಿಯ ಕ್ಷಮೆ ಕೇಳಿ ಬೇರೊಬ್ಬಳನ್ನು ಕರೆದಳು.

ಆಮೇಲಿನ ಮೂರು ದಿನ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ. ಆ ಕಾಗದ ಹೊತ್ತ ವಿಮಾನ ತಡವಾಗಲಿ ಎಂದು ಹರಕೆ ಹೊತ್ತಳು, ಮಗಳ ನೆನಪಾಗಿ ಹರಕೆ ವಾಪಸು ಪಡೆದಳು. ಗುಪ್ತವೆಂದು ನಂಬಿ ಮಾಡಿದ ಕೆಲಸಕ್ಕೆ ತನ್ನ ಮನೆಯ ಮುದ್ರೆಯನ್ನೇ ಒತ್ತಿ ಕಳಿಸಿದಂತಾಯಿತಲ್ಲ ಎಂದು ನಾಚಿಕೆಯಲ್ಲಿ ಬೆಂದಳು.

ಶುಕ್ರವಾರ ಫಲಿತಾಂಶ ಬಂತು. ದೇಶದಲ್ಲಿ ಲೇಬರ್ ಗೆದ್ದಿತು. ಬ್ರೆಂಡಾ ಒಂದೂವರೆ ಸಾವಿರ ಮತದಿಂದ ಸೋತಳು. ವೀರಣ್ಣ ಹೇಳಿದ್ದೇ ಸರಿ, ಭುವನೇಶ್ವರಿಯ ಒಂದು ಮತದಿಂದ ಏನೂ ಬದಲಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಡುವ ಹೊತ್ತಿಗೆ ಫೋನು ಹೊಡೆಯಿತು. ಬ್ರೆಂಡಾ. ಎತ್ತದೇ ಇರೋಣವೆಂದುಕೊಂಡೇ ಎತ್ತಿದಳು. ಬ್ರೆಂಡಾ ತನ್ನ ಮೊಣಕಾಲಿನ ಸುದ್ದಿ ಹೇಳಿದಳು, ಹಿತ್ತಲಿನ ಗುಲಾಬಿಗೆ ಹುಳ ಬಿದ್ದದ್ದು ಹೇಳಿದಳು. ಸೋತದ್ದಕ್ಕೆ, ಇನ್ನು ಮಧ್ಯಾಹ್ನ ನಿದ್ದೆ ಮಾಡಬಹುದು ಎಂದು ನಕ್ಕಳು. ಆಮೇಲೆ ಕೇಳಿದಳು, “ನಿಮ್ಮ ಅತ್ತೆ ಈಗಲೂ ಮನೆಯಿಂದ ಹೊರಟದ್ದಕ್ಕೆಲ್ಲ ಆ ಕೆಂಪು ಪುಡಿ ಹಚ್ಚುತ್ತಾರಾ?”

ಹೂಂ ಎಂದದ್ದು ಭುವನೇಶ್ವರಿಗೇ ಕೇಳಿಸಲಿಲ್ಲ.

“ಅವರಿಗೆ ಹೇಳು, ಸುಖವಾಗಿ ಮುಟ್ಟಿತು ಅಂತ. ಆ ಮತ ತೆಗೆದಿಡಬೇಕು ಅಂದರು ನಮ್ಮ ಪಕ್ಷದವರು. ಕತ್ತರಿ ಗುರುತು ಸರಿಯಾಗಿಯೇ ಇದೆಯಲ್ಲ, ಎಣಿಸಿ ಅಂದೆ ನಾನು.”

“ಬ್ರೆಂಡಾ, ನಾನು...” ಎಂದಳು ಭುವನೇಶ್ವರಿ.

“ಸುಮ್ಮನಿರು, ಭುವನಾ,” ಎಂದಳು ಬ್ರೆಂಡಾ. “ಆ ಹುಡುಗಿಯ ಪಾಡು ನನಗೂ ಗೊತ್ತು, ಅವಳಿಗೆ ನಾನೂ ಎರೆದವಳೇ. ಗಂಡ ಬಂದ ದಿನ ಇಬ್ಬರನ್ನೂ ನಮ್ಮ ಮನೆಗೆ ಊಟಕ್ಕೆ ಕಳಿಸು.”

ಫೋನಿಟ್ಟು ಭುವನೇಶ್ವರಿ ಅಲ್ಲೇ ಅಡಿಗೆಮನೆಯ ನೆಲದ ಮೇಲೆ ಕೂತಳು. ಸೆರಗಿಲ್ಲ, ಕ್ಲಿನಿಕ್ಕಿನ ನೀಲಿ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡು ಅತ್ತಳು. ಬಂಗಾರೆವ್ವ ಕೋಲೂರಿಕೊಂಡು ಬಂದು, ಯಾರದು ಫೋನು, ಕಾಗದ ಮುಟ್ಟಿತಂತೇನು ಎಂದು ಕೇಳಿದಳು.

“ಮುಟ್ಟಿತಂತ್ರೀ ಅತ್ತೀ. ಆಕಿ ಕೈಗೇ ಮುಟ್ಟಿತಂತ.”

“ಮತ್ತ ಅಳ್ತೀ ಯಾಕ? ನಾ ಕುಂಕುಮ ಹಚ್ಚಿ ಕಳಿಸಿದ್ದು ಎಂದಾರ ದಾರಿ ತಪ್ಪೇತೇನು?” ಎಂದು ಮುದುಕಿ ಸೊಸೆಯ ತಲೆ ಸವರಿದಳು.