ದೇವಯ್ಯನ ರೂಟ್ ಕೆನಾಲು

ಪಾಲಹಳ್ಳಿಯ ಮಾಜಿ ಚೇರ್ಮನ್ ತಮ್ಮಯ್ಯನವರ ಗಮನಕ್ಕೆ ಬಾರದೆ ಊರಿನಲ್ಲಿ ಎಮ್ಮೆ ಕೂಡ ಕರು ಹಾಕಬಾರದು ಎಂಬುದು ಸ್ವತಃ ತಮ್ಮಯ್ಯನವರ ಅಭಿಪ್ರಾಯವಾಗಿತ್ತು. ಹೀಗಿರುವಾಗ ತೊಂಬತ್ತಾರರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ, ನೀರುಗಂಟಿ ದೇವಯ್ಯನ ಹೆಂಡತಿ ಮಾರಮ್ಮ ಹಾಲಿನ ಡೇರಿ ಮುಂದೆ ಯಾರಿಗೋ ಹೇಳುತ್ತಿದ್ದದ್ದು ಅವರ ಕಿವಿಗೆ ಬಿತ್ತು: "ನಮ್ಮೋರು ಪಟ್ಣಕ್ಕೆ ಓಗವ್ರೆ. ರೂಟ್ ಕೆನಾಲ್ ಮಾಡುಸ್ಬೇಕಂತೆ."

ಕೆನಾಲ್ ಅಂದರೆ ನಾಲೆ. ತೂಬಿನ ಗೇಟು ಎತ್ತಿ ಇಳಿಸುವ ದೇವಯ್ಯ, ಚೇರ್ಮನ್ನರಿಗೆ ಒಂದು ಮಾತೂ ಹೇಳದೆ ಹೊಸ ನಾಲೆಯನ್ನೇ ಮಂಜೂರು ಮಾಡಿಸಿಕೊಳ್ಳುತ್ತಿದ್ದಾನೆ. ಅದು ಯಾವ ರೂಟಿನಲ್ಲಿ ಬರುತ್ತದೋ ಏನೋ. ತಮ್ಮ ಹೊಲದ ಮೇಲೆ ಬಂದರೂ ಅನ್ಯಾಯ, ಬಾರದಿದ್ದರೂ ಅನ್ಯಾಯ. ತಮ್ಮಯ್ಯನವರು ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದರು.

ಶ್ರೀರಂಗಪಟ್ಟಣದ ನೀರಾವರಿ ಕಚೇರಿಯಲ್ಲಿ ರೂಟ್ ಕೆನಾಲಿನ ನಕ್ಷೆ ತೋರಿಸಿ ಎಂದು ಕೂತರು. ಗುಮಾಸ್ತ ಪೆನ್ನಿನಿಂದ ಕಿಟಕಿಯಾಚೆ ತೋರಿಸಿ, "ಅದು ಎದುರುಗಡೆ ಮಹಡಿ ಮೇಲೆ ಸಾರ್, ಹಲ್ಲಿನ ಡಾಕ್ಟ್ರು ಮಾಡ್ತಾರೆ. ನಮ್ಮಲ್ಲಿ ಎಡದಂಡೆ, ಬಲದಂಡೆ ಅಷ್ಟೇ" ಎಂದ.

ಮಹಡಿ ಮೇಲೆ ದೇವಯ್ಯ ಕೆನ್ನೆ ಊದಿಸಿಕೊಂಡು ಕುರ್ಚಿಯಲ್ಲಿ ಒರಗಿದ್ದ. ಮೇಲಿನ ಮುಂಬಲ್ಲಿನ ಬೇರಿನಲ್ಲಿ ಕೀವು ಕಟ್ಟಿತ್ತು.

ಇಪ್ಪತ್ತೆರಡು ವರ್ಷ ಊರಿಗೆ ನೀರು ಹಂಚಿದವನು ದೇವಯ್ಯ. ಗಡಿಯಾರ ಕಟ್ಟಿದವನಲ್ಲ, ನಾಲೆಯ ಸದ್ದಿನಲ್ಲೇ ನೀರಿನ ಅಳತೆ ಹೇಳುವವನು. ಅವನ ಅಧಿಕಾರವೆಲ್ಲ ಇದ್ದದ್ದು ಸಿಳ್ಳೆಯಲ್ಲಿ. ಬೆರಳೆರಡು ಬಾಯಿಗಿಟ್ಟು ಒಂದು ಸಿಳ್ಳೆ ಹೊಡೆದರೆ ಮೇಲ್ಗದ್ದೆಯವರ ಪಾಳಿ ಮುಗಿಯಿತು. ಎರಡು ಹೊಡೆದರೆ ಕೊನೆಗದ್ದೆಯವರ ಪಾಳಿ ಶುರು. ಹಲ್ಲು ಕೆಟ್ಟಾಗಿನಿಂದ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ಕೊನೆಗದ್ದೆಯ ಬೆಟ್ಟಮ್ಮ ಎರಡು ಪಾಳಿ ಕಳೆದುಕೊಂಡಿದ್ದಳು. ಅವಳ ಪೈರು ಬಾಡಿ, ಬೈಗುಳ ಸೊಂಪಾಗಿ ಬೆಳೆದಿತ್ತು.

"ಕೀಳ್ಸಾಕ್ಲಾ ಅತ್ಲಾಗಿ" ಎಂದರು ತಮ್ಮಯ್ಯ, ನಾಲೆ ಹುಡುಕಿ ಬಂದದ್ದನ್ನು ನುಂಗಿಕೊಂಡು. "ಒಂದು ಹಲ್ಲಿಗೋಸ್ಕರ ಪಟ್ಣಕ್ಕೆ ಬತ್ತಾರಾ ಯಾರಾದ್ರೂವೆ?"

"ಹಲ್ಲೋದ್ರೆ ಸಿಳ್ಳೆ ಓಯ್ತದೆ ಚೇರ್ಮನ್ರೇ. ಆಮೇಕೆ ಗದ್ದೆಗದ್ದೆಗೂ ಓಡೋಗಿ ಕೂಗ್ಬೇಕು. ಅದ್ಕೆ ಮಂಡಿ ನೀವು ಕೊಟ್ಟೀರಾ?"

ಡಾಕ್ಟರ್ ಶ್ವೇತ ಚಿಕ್ಕ ವಯಸ್ಸಿನವರು. ಕೂದಲಿನಷ್ಟು ತೆಳ್ಳಗಿನ ಸೂಜಿ ತೋರಿಸಿ, "ಒಳಗೆ ಕೊಳೆತಿರೋ ನರ ತೆಗೆದು, ತೊಳೆದು, ಒಣಗಿಸಿ, ತುಂಬಿ ಮುಚ್ತೀವಿ. ಮೂರು ಸಲ ಬರಬೇಕು. ಆದರೆ ಬೇರು ಡೊಂಕಿದೆ. ಸೂಜಿ ಬೇರಿನ ತುದಿ ಮುಟ್ಟಿದರೆ ಹಲ್ಲು ಉಳಿಯುತ್ತೆ, ಇಲ್ಲದಿದ್ದರೆ ಕೀಳಲೇಬೇಕು" ಎಂದರು.

"ಹೂಳೆತ್ತದು ಅನ್ನಿ ತಾಯಿ" ಎಂದ ದೇವಯ್ಯ. "ಬಾಯತ್ರ ಒಸಿ ಕೆರೆದು ಬುಟ್ಬುಡಬ್ಯಾಡಿ. ಕೊನೆಗಂಟ ಓಗಿ. ನಮ್ ಕಂಟ್ರಾಕ್ಟ್ರು ಅಂಗೇ ಮಾಡಿ ಬಿಲ್ ತಕ್ಕಂಡೋಗಿದ್ದು."

"ನಾನು ಐದು ವರ್ಷ ಓದಿದ್ದು ಇಷ್ಟೇ ನೋಡಿ" ಎಂದು ಡಾಕ್ಟರು ನಕ್ಕರು. ಹಿಂದೊಮ್ಮೆ ಹೂಳೆತ್ತುವ ಕಂಟ್ರಾಕ್ಟು ಹಿಡಿದಿದ್ದ ತಮ್ಮಯ್ಯನವರು ಕಿಟಕಿಯಾಚೆ ಬಹಳ ಆಸಕ್ತಿಯಿಂದ ನೋಡತೊಡಗಿದರು.

ಅಂದು ಸೂಜಿ ಅರ್ಧಕ್ಕೇ, ಡೊಂಕಿನಲ್ಲಿ ನಿಂತುಬಿಟ್ಟಿತು. ಡಾಕ್ಟರು ಕೀವು ಬಸಿದು, ಮದ್ದಿಟ್ಟು ಕಳಿಸಿದರು. ಮುಂದಿನ ವಾರ ತಮ್ಮಯ್ಯನವರೂ ಮೇಲ್ವಿಚಾರಣೆಗೆಂದು ಜೊತೆಗೇ ಹೊರಟರು. ಡಾಕ್ಟರು ಮುಕ್ಕಾಲು ಗಂಟೆ ತಿರುವಿ, ತೊಳೆದು, ಮತ್ತೆ ತಿರುವಿ, ಕೊನೆಗೆ ಎಕ್ಸ್‌ರೇ ಹಿಡಿದು, "ಮುಟ್ಟಿತು" ಎಂದರು. ಮೂರನೆಯ ವಾರ ಹಲ್ಲು ತುಂಬಿ ಮುಚ್ಚಿದ್ದೂ ಆಯಿತು.

ಮಾರನೆಯ ಬೆಳಿಗ್ಗೆ ತೂಬಿನ ಬಳಿ ಹತ್ತಾರು ಜನ ಸೇರಿದ್ದರು. ದೇವಯ್ಯ ಬೆರಳು ಬಾಯಿಗಿಟ್ಟು ಊದಿದ. ಗಾಳಿ. ಇನ್ನೊಮ್ಮೆ ಊದಿದ. ಅದೂ ಗಾಳಿ. ಯಾರೂ ನಗಲಿಲ್ಲ. "ತುಟಿಗೆ ಮರ್ತೋಗೈತೆ" ಎನ್ನುತ್ತ ಬೆರಳನ್ನು ಪಂಚೆಗೆ ಒರೆಸಿಕೊಂಡು ಮೂರನೆಯ ಸಲ ಊದಿದ. ಬಯಲಿನ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಅದರ ಹಿಂದೆಯೇ ಇನ್ನೊಂದು ಸಿಳ್ಳೆ. ದೂರದ ಕೊನೆಗದ್ದೆಯಲ್ಲಿ ಬೆಟ್ಟಮ್ಮ ಗುದ್ದಲಿ ಎತ್ತಿ ತೋರಿಸಿ, ಬದುವಿನ ಕಡೆ ಓಡಿದಳು.

ಎಲ್ಲರೂ ದೇವಯ್ಯನನ್ನೇ ನೋಡುತ್ತಿದ್ದದ್ದು ತಮ್ಮಯ್ಯನವರಿಗೆ ಸರಿಬರಲಿಲ್ಲ. ಗಂಟಲು ಸರಿಮಾಡಿಕೊಂಡರು.

"ಅದ್ಸರಿ ಕಣ್ಲಾ ದೇವಯ್ಯ. ನರ ತೆಗುದ್ಮೇಲೆ ಹಲ್ಲು ಸತ್ತಂಗೇ ಅಂತ ಡಾಕ್ಟ್ರಮ್ಮನೇ ಏಳುದ್ರು. ಸತ್ತಿರದ್ನ ಬಾಯಲ್ಲಿಟ್ಕಂಡು ಉಂಡ್ರೆ ಸೂತಕ ಅಲ್ವೇನ್ಲಾ?"

ದೇವಯ್ಯ ಗೇಟು ತಿರುವುತ್ತಲೇ, ತಲೆ ಕೂಡ ಎತ್ತದೆ ಹೇಳಿದ:

"ಭಾನುವಾರ ಭಾನುವಾರ ನೀವೇನು ಕುರಿಯ ಜೀವಂತ ನುಂಗ್ತೀರಾ, ಚೇರ್ಮನ್ರೇ?"