ಬದನೆ ತೋಟದ ಪಕ್ಕದ ಸೊಪ್ಪು

ನಾನು ಚಿಕ್ಕವನಿದ್ದಾಗ ಓದಿದ ಶಾಲೆಯಲ್ಲಿ ಬೆತ್ತವೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಇದನ್ನು ನಿಮಗೆ ಎಷ್ಟು ಸಲ ಹೇಳಿದ್ದೇನೋ. ನಿಮ್ಮ ಅಂಕಪಟ್ಟಿ ಮನೆಗೆ ಬಂದ ದಿನವಂತೂ ತಪ್ಪದೆ ಹೇಳುತ್ತೇನೆ, ನೀವು ಮುಖ ಮುಖ ನೋಡಿಕೊಂಡು ನಗುತ್ತೀರಿ. ಆದರೆ ಆ ಶಾಲೆಯ ಒಂದು ದಿನದ ಕತೆಯನ್ನು ಮಾತ್ರ ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಮ್ಮ ಅಜ್ಜಿಗೂ ಹೇಳಿರಲಿಲ್ಲ. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ ಎಂಬ ಹೆದರಿಕೆ. ಕಳೆದ ತಿಂಗಳು ಅದು ಹೇಗೂ ಹೋಯಿತು. ಹಾಗಾಗಿ ಈಗ ನೀವೂ ಕೇಳಿ.

ರಾಮನಗರದಿಂದ ಕೈಲಾಂಚಕ್ಕೆ ಹೋಗುವ ದಾರಿಯಲ್ಲಿ, ದೊಡ್ಡ ಬಂಡೆಯೊಂದರ ಬುಡದಲ್ಲಿ ನಮ್ಮ ಶಾಲೆ. ಹೆಂಚು ಹೊದಿಸಿದ ಉದ್ದನೆಯ ಮನೆ, ಸಗಣಿ ಸಾರಿಸಿದ ನೆಲ. ಮಕ್ಕಳು ಇಪ್ಪತ್ತಾರೋ ಇಪ್ಪತ್ತೇಳೋ ಇದ್ದೆವು. ಪಾಠ ಹೇಳುತ್ತಿದ್ದವರು ಗಂಡ ಹೆಂಡತಿ ಇಬ್ಬರೇ, ಬೆಂಗಳೂರಿನಲ್ಲಿದ್ದ ಕೆಲಸ ಬಿಟ್ಟು ಬಂದವರು. ಅವರನ್ನು ಮೇಷ್ಟ್ರು, ಮೇಡಂ ಎನ್ನುವ ಹಾಗಿರಲಿಲ್ಲ. ಅಣ್ಣ, ಅಕ್ಕ ಎನ್ನಬೇಕು. ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂಬ ಭೇದವೂ ಇಲ್ಲ, ಪರೀಕ್ಷೆಯೂ ಇಲ್ಲ. ಊರಿನವರು ಅದಕ್ಕೆ ‘ಹೊಡೀದ ಇಸ್ಕೂಲು’ ಎಂದು ಹೆಸರಿಟ್ಟಿದ್ದರು. “ಹೊಡೀದೆ ಬುಟ್ರೆ ಇವು ಉದ್ಧಾರ ಆದಂಗೇ” ಎಂದು ನಮ್ಮ ಅಪ್ಪನೂ ಗೊಣಗುತ್ತಿದ್ದ. ಆದರೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬೇರೆ ಶಾಲೆ ಇರಲಿಲ್ಲ.

ಬೆತ್ತದ ಬದಲು ನಮಗೆ ಒಂದು ಚಾಪೆ ಇತ್ತು. ಯಾರಾದರೂ ತಪ್ಪು ಮಾಡಿದರೆ, ಅದು ಯಾರೆಂದು ಗೊತ್ತಾಗದಿದ್ದರೆ, ಅಣ್ಣ ಆ ಈಚಲು ಚಾಪೆ ಹಾಸುತ್ತಿದ್ದರು. ಎಲ್ಲರೂ ಅದರ ಸುತ್ತಲೂ ಕೂರಬೇಕು. ಯಾರೂ ಯಾರನ್ನೂ ಕೇಳುವಂತಿಲ್ಲ, ಬೈಯುವಂತಿಲ್ಲ. ತಪ್ಪು ಮಾಡಿದವರು ತಾವಾಗಿಯೇ ಬಾಯಿ ಬಿಡುವ ತನಕ ಸುಮ್ಮನೆ ಕೂತಿರುವುದು. ಹೇಳಿದ ಮೇಲೆ ಚಾಪೆ ಸುತ್ತಿಡುವುದು, ಅಲ್ಲಿಗೆ ಮುಗಿಯಿತು. ನಿಮಗೆ ಇದು ಬಹಳ ಸುಲಭ ಅನ್ನಿಸಬಹುದು. ಒಮ್ಮೆ ಕೂತು ನೋಡಿದ್ದರೆ ಗೊತ್ತಾಗುತ್ತಿತ್ತು.

ಆ ವರ್ಷ ಶಾಲೆಯಲ್ಲಿ ರೇಷ್ಮೆ ಹುಳ ಸಾಕಿದ್ದೆವು. ಕೂಡುವುದು, ಕಳೆಯುವುದು, ತೂಕ, ದಿನಗಳ ಲೆಕ್ಕ ಎಲ್ಲವನ್ನೂ ಹುಳದ ಜೊತೆಗೇ ಕಲಿಸುವುದು ಅಣ್ಣನ ಹಂಬಲ. ಹಿಂದಿನ ಸಣ್ಣ ಕೋಣೆಯಲ್ಲಿ ಎರಡು ಬಿದಿರಿನ ತಟ್ಟೆ, ಅದರ ತುಂಬ ಹುಳ. ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ದಿನದ ಸರದಿ. ನನ್ನ ಜೋಡಿ ರಾಮನಗರದ ಹುಡುಗಿ. ಅವಳ ಅಬ್ಬಾ ಪೇಟೆಯಲ್ಲಿ ರೇಷ್ಮೆ ನೂಲು ತೆಗೆಯುವವರು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವರ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ನೆನೆದುಕೊಂಡೇ ಇರುತ್ತಿದ್ದವು. ಅವರ ಗಲ್ಲಿಯಲ್ಲಿ ಆಗ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುತ್ತಿರಲಿಲ್ಲ. ಅವರು ಹಿರಿಯರ ಮಾತು ಮೀರಿ, ದಿನಾ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದು ಬಿಟ್ಟು ಹೋಗುತ್ತಿದ್ದರು. ನಮ್ಮ ಹುಳ ಗೂಡು ಕಟ್ಟಿದ ಮೇಲೆ ಎಲ್ಲ ಮಕ್ಕಳನ್ನೂ ತಮ್ಮ ಮನೆಗೆ ಕರೆದು, ನಮ್ಮೆದುರಿಗೇ ನೂಲು ತೆಗೆದು ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದರು.

ಹುಳಗಳು ಕೊನೆಯ ಜ್ವರದಿಂದ ಎದ್ದು ಐದು ದಿನವಾಗಿತ್ತು. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಮೇಲೆ ಅವುಗಳ ಹಸಿವು ನೋಡಬೇಕು! ಸೊಪ್ಪು ಹಾಕಿದರೆ ಸಾಕು, ಕೋಣೆಯ ತುಂಬ ಮೊರದಲ್ಲಿ ರಾಗಿ ಕೇರಿದ ಹಾಗೆ ಸದ್ದು. ಹಸಿ ಸೊಪ್ಪಿನ, ಹುಳದ ಹಿಕ್ಕೆಯ ಬೆಚ್ಚನೆಯ ವಾಸನೆ. ಇನ್ನು ಎರಡೇ ದಿನ, ಗೂಡು ಕಟ್ಟಲು ತೊಡಗುತ್ತವೆ ಎಂದು ಅಕ್ಕ ಹೇಳಿದ್ದರು.

ರಂಜಾನ್ ಹಬ್ಬದ ಮಾರನೇ ದಿನ ನಮ್ಮ ಸರದಿ ಬಂತು. ಸೊಪ್ಪು ತರುವುದು ನನ್ನ ಕೆಲಸ. ಶಾಲೆಯ ಹಿಪ್ಪುನೇರಳೆ ತೋಟ ಕೆರೆಯ ಆಚೆಗಿತ್ತು. ಬೆಳಗ್ಗೆ ಬೇಗ ಎದ್ದು ಅಲ್ಲಿಗೆ ಹೋಗಬೇಕಿತ್ತು. ನಾನು ಎದ್ದದ್ದು ಬಿಸಿಲು ಮೂಡಿದ ಮೇಲೆ. ಓಡಿ ಬರುತ್ತಿದ್ದಾಗ ದಾರಿಯ ಪಕ್ಕದಲ್ಲೇ ಯಾರದೋ ನಾಲ್ಕು ಸಾಲು ಹಿಪ್ಪುನೇರಳೆ ಕಂಡಿತು, ಅದಕ್ಕೆ ತಾಗಿಕೊಂಡೇ ಒಂದು ಬದನೆ ತೋಟ. ಹಿಂದಿನ ಸಂಜೆ ಆ ಬದನೆ ಗಿಡಗಳಿಗೆ ಒಬ್ಬಾತ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಔಷಧಿ ಹೊಡೆಯುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಗಾಳಿ ಈ ಕಡೆಗೇ ಬೀಸುತ್ತಿತ್ತು, ಮೂಗು ಮುಚ್ಚಿಕೊಂಡು ಹೋಗಿದ್ದೆ. ಇದನ್ನು ನಿಮಗೆ ಬಿಡಿಸಿ ಹೇಳುತ್ತಿರುವುದು ಯಾಕೆಂದರೆ, ಗೊತ್ತಿಲ್ಲದೆ ಆಯಿತು ಎಂದು ನೀವು ನನ್ನನ್ನು ಉಳಿಸುವುದು ಬೇಡ. ಗೊತ್ತಿತ್ತು. ಒಂದು ಮಂಕರಿ ತುಂಬ ಕಿತ್ತೆ. ಕೈಗೆ ಅಂಟಿದ ವಾಸನೆಯನ್ನು ಚಡ್ಡಿಗೆ ಒರೆಸಿಕೊಂಡೆ.

ಜೋಡಿ ಆಗಲೇ ಬಂದು ಕಾಯುತ್ತಿದ್ದಳು. ಹೊಸ ಲಂಗ, ಕೈ ತುಂಬ ಗೋರಂಟಿ, ಹತ್ತಿರ ಹೋದರೆ ಘಮ್ಮೆನ್ನುವ ಅತ್ತರು. ಹಬ್ಬದ ಖುಷಿ ಇನ್ನೂ ಅವಳ ಕಾಲಲ್ಲೇ ಇತ್ತು, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಇಬ್ಬರೂ ಕೈಕಾಲು ತೊಳೆದುಕೊಂಡು ಒಳಗೆ ಹೋಗಿ ಸೊಪ್ಪು ಹಾಕಿದೆವು. “ಇವತ್ತು ಇವಕ್ಕೂ ಹಬ್ಬ ಕಣೋ” ಎಂದು ಅವಳು ಎರಡೆರಡು ಹಿಡಿ ಹೆಚ್ಚಿಗೆ ಉದುರಿಸಿದಳು.

ಮಧ್ಯಾಹ್ನ ಊಟ ಮುಗಿಸಿ ಹೋಗಿ ನೋಡಿದರೆ ಕೋಣೆಯಲ್ಲಿ ಸದ್ದೇ ಇಲ್ಲ. ಹುಳಗಳು ತಲೆಯೆತ್ತಿ ಅತ್ತಿತ್ತ ಹೊರಳಾಡುತ್ತಿದ್ದವು. ಬಾಯಿಂದ ಹಸಿರು ನೀರು ಬರುತ್ತಿತ್ತು. ನೋಡನೋಡುತ್ತಲೇ ಒಂದೊಂದಾಗಿ ಸುರುಟಿಕೊಂಡು ಬಿದ್ದವು. ಜೋಡಿ ಚೀರಿದಳು. ಅಕ್ಕ ಓಡಿ ಬಂದರು.

“ಯಾವ ಸೊಪ್ಪು ಹಾಕಿದ್ರಿ?”

“ನಮ್ಮ ತೋಟದ್ದೇ ಅಕ್ಕ” ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬಂತು, ನನಗೇ ಆಶ್ಚರ್ಯ.

ಅಣ್ಣ, ಅಕ್ಕ ಇಬ್ಬರಿಗೂ ಹುಳದ ವಿಷಯ ಪುಸ್ತಕದಿಂದ ಗೊತ್ತಿದ್ದದ್ದೇ ಹೊರತು ಸಾಕಿ ಗೊತ್ತಿರಲಿಲ್ಲ. ಅಣ್ಣ ಚಾಪೆ ಹಾಸಿದರು. ಎಲ್ಲರೂ ಕೂತೆವು. ಚಿಕ್ಕ ಮಕ್ಕಳು ಬಿಕ್ಕುತ್ತಿದ್ದವು. ಇಲ್ಲಿ ಯಾರೂ ಹೊಡೆಯುವುದಿಲ್ಲ ಎಂದು ಗೊತ್ತಿದ್ದರೂ ನನಗೆ ಹೆದರಿಕೆ. ಅಷ್ಟೂ ಜನ ನನ್ನ ಕಡೆ ತಿರುಗಿ ನೋಡುತ್ತಾರಲ್ಲ, ಅದು. ಹತ್ತು ಎಣಿಸಿ ಹೇಳಿಬಿಡೋಣ ಎಂದುಕೊಂಡು ಮನಸ್ಸಿನಲ್ಲೇ ಎಣಿಸತೊಡಗಿದೆ. ಎಂಟಕ್ಕೆ ಬಂದಿದ್ದೆ, ಪಕ್ಕದಲ್ಲಿ ಕೂತಿದ್ದ ಜೋಡಿ ಎದ್ದು ನಿಂತಳು.

“ನಾನೇ ಅಣ್ಣ. ಅತ್ತರು ಹಾಕ್ಕೊಂಡು ಒಳಗೆ ಹೋಗ್ಬುಟ್ಟೆ.”

ಹುಳದ ಮನೆಗೆ ಘಾಟು ವಾಸನೆಯವರು ಹೋಗಬಾರದು ಎಂಬುದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಬೀಡಿ ಸೇದಿದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಅವಳು ಹೇಳಿದ್ದೇ ತಡ, ದೊಡ್ಡ ಹುಡುಗರೆಲ್ಲ “ಹೌದು ಅಣ್ಣ, ಅತ್ತರಿಗೇ ಆಗಿರೋದು” ಎಂದರು. ಅವಳು ಸುಳ್ಳು ಹೇಳುತ್ತಿರಲಿಲ್ಲ. ತಾನೇ ಕೊಂದೆ ಎಂದು ನಿಜವಾಗಿಯೂ ನಂಬಿದ್ದಳು. ಅಕ್ಕ ಅವಳನ್ನು ತಬ್ಬಿಕೊಂಡು “ಗೊತ್ತಿಲ್ದೆ ಆಗಿದ್ದು ತಪ್ಪಲ್ಲ ಮಗು” ಎಂದರು. ಅಣ್ಣ ಚಾಪೆ ಸುತ್ತಿಟ್ಟರು. ಹತ್ತು ಮುಗಿದಿದ್ದರೆ ನಾನು ಹೇಳುತ್ತಿದ್ದೆನೇ? ಗೊತ್ತಿಲ್ಲ. ಇಷ್ಟು ವರ್ಷಗಳಲ್ಲಿ ಆ ಹತ್ತನ್ನು ಬೇಕಾದಷ್ಟು ಸಲ ಎಣಿಸಿದ್ದೇನೆ. ಆ ಹೊತ್ತಿನಲ್ಲಿ ಮಾತ್ರ ನನಗೆ ದುಃಖವಾಗಲಿಲ್ಲ, ಬದುಕಿದೆ ಎನ್ನಿಸಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಅದೇ ನಿಜ.

ಸಂಜೆ ಅವಳ ಅಬ್ಬಾ ಬಂದರು. ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ತೂಕು ಪಾತ್ರೆ ನೇತು ಹಾಕಿದ್ದರು. ಅದರಲ್ಲಿ ಶಾಲೆಯ ಮಕ್ಕಳಿಗೆಲ್ಲ ಹಬ್ಬದ ಶಾವಿಗೆ ಪಾಯಸ. ವಿಷಯ ತಿಳಿದು ಅವರು ಹುಳದ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋಗದೆ ಅಲ್ಲೇ ನಿಂತು ಇಣುಕಿದರು. ಅವರಿಗೆ ಗೂಡು ಗೊತ್ತು, ನೂಲು ಗೊತ್ತು, ಹುಳ ಹೇಗೆ ಸಾಯುತ್ತದೆ ಎಂಬುದು ಗೊತ್ತಿರಲಿಲ್ಲ.

“ಮಗೀದು ತಪ್ಪಿಲ್ಲ ಮೇಷ್ಟ್ರೇ. ಬೆಳಗ್ಗೆ ಅತ್ತರು ನಾನೇ ಹಚ್ಚಿದ್ದು. ಹುಳದ ಅನ್ನ ತಿನ್ನೋನು ನಾನು, ನಂಗೇ ಬುದ್ಧಿ ಇರಲಿಲ್ವಲ್ಲ” ಎಂದರು. ಅಣ್ಣ ಎಷ್ಟು ಸಮಾಧಾನ ಹೇಳಿದರೂ ತಲೆಯೆತ್ತಲಿಲ್ಲ. “ನಮ್ಮಿಂದ ನಿಮ್ಗೆ ಕೆಡುಕಾಗೋದು ಬೇಡ” ಎಂದು ಮಗಳನ್ನು ಸೈಕಲ್ಲಿಗೆ ಹತ್ತಿಸಿಕೊಂಡರು. ಪಾಯಸದ ಪಾತ್ರೆ ಅಲ್ಲೇ ಉಳಿಯಿತು. ಅಕ್ಕ ಎಲ್ಲರಿಗೂ ಬಡಿಸಿದರು. ನಾನೂ ಕುಡಿದೆ.

ಮನೆಗೆ ಹೋಗಿ ಅಪ್ಪನಿಗೆ ಹುಳ ಸತ್ತದ್ದು, ಜೋಡಿಯ ಅತ್ತರಿಗೇ ಹಾಗಾಯಿತು ಎಂದದ್ದು, ಅವಳ ಅಬ್ಬಾ ಅವಳನ್ನು ಕರೆದುಕೊಂಡು ಹೋದದ್ದು ಹೇಳಿದೆ. ಅಪ್ಪ ಹುಟ್ಟಿದಂದಿನಿಂದ ಹುಳ ಸಾಕಿದವನು.

“ಹಸ್ರು ಕಕ್ಕಿದ್ವಾ?”

“ಹೂಂ.”

“ಹಂಗಾದ್ರೆ ಔಸ್ದಿ ಸೊಪ್ಪು ಕಣ್ಲಾ. ಅತ್ತರಿಗೆಲ್ಲಾ ಹಂಗಾಗಕಿಲ್ಲ.” ಆಮೇಲೆ ನನ್ನ ಮುಖ ನೋಡಿದ. ಅಪ್ಪ ನನ್ನನ್ನು ಹೊಡೆಯುತ್ತಾನೆ, ಕಿವಿ ಹಿಡಿದು ಶಾಲೆಗೆ ಎಳೆದುಕೊಂಡು ಹೋಗುತ್ತಾನೆ ಎಂದು ಕಾದೆ. ಹಾಗೆ ಮಾಡಿದ್ದರೆ ಚೆನ್ನಾಗಿತ್ತು. ಅಪ್ಪ ಹೊಗೆಸೊಪ್ಪು ಹೊಸೆಯುತ್ತಾ “ಹೋಗ್ಲಿ ಬುಡು. ಸಾಬ್ರ ಹುಡ್ಗಿ, ಎಂಗಿದ್ರೂ ಇನ್ನೆರಡು ವರ್ಸಕ್ಕೆ ಇಸ್ಕೂಲು ಬುಡಿಸ್ತಿದ್ರು” ಎಂದ. ಅಪ್ಪನ ಮೇಲೆ ನನಗೆ ಬಹಳ ಪ್ರೀತಿ. ಆ ಮಾತನ್ನು ಮಾತ್ರ ಇವತ್ತಿಗೂ ಕ್ಷಮಿಸಲು ಆಗಿಲ್ಲ. ಆ ಮಾತಿನ ಮರೆಯಲ್ಲಿ ಅಡಗಿ ಕೂತ ನನ್ನನ್ನೂ ಅಷ್ಟೇ.

ಮಾರನೇ ದಿನ ಅವಳು ಬರಲಿಲ್ಲ. ಅಣ್ಣ ಮೂರು ಸಲ ಸೈಕಲ್ ತುಳಿದುಕೊಂಡು ಅವರ ಮನೆಗೆ ಹೋಗಿ ಬಂದರು. ಅವಳನ್ನು ಮನೆಯಲ್ಲೇ ರೇಷ್ಮೆ ನೂಲು ತೆಗೆಯುವ ಚರಕದ ಮುಂದೆ ಕೂರಿಸಿದ್ದರಂತೆ. ಪ್ರತಿ ಸಲವೂ ಅಣ್ಣ ಹೊರಡುವಾಗ ನಾನು ಗೇಟಿನ ತನಕ ಹೋಗಿ ವಾಪಸು ಬರುತ್ತಿದ್ದೆ.

ಕಳೆದ ತಿಂಗಳು ಆ ಶಾಲೆಯಲ್ಲಿ ಓದಿದವರೆಲ್ಲ ಸೇರಿದೆವು. ಯಾರೋ ವಾಟ್ಸ್‌ಆ್ಯಪ್ ಗುಂಪು ಮಾಡಿ ಹುಡುಕಿ ಹುಡುಕಿ ಕರೆದಿದ್ದರು. ಶಾಲೆಯಿದ್ದ ಜಾಗ ಈಗ ರೆಸಾರ್ಟಿನ ಕಾಂಪೌಂಡಿನ ಒಳಗಿದೆ, ನಾವು ಹೊರಗೆ ಶಾಮಿಯಾನ ಹಾಕಿಕೊಂಡು ಕೂತೆವು. ಅಣ್ಣ, ಅಕ್ಕ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಹನ್ನೊಂದು ಜನ ಬಂದಿದ್ದೆವು, ಎಲ್ಲರದೂ ಮಂಡಿ ನೋವಿನ ನಡಿಗೆ. ಅವಳೂ ಮೊಮ್ಮಗಳ ಕೈ ಹಿಡಿದುಕೊಂಡು ಬಂದಿದ್ದಳು. ಒಬ್ಬೊಬ್ಬರೇ ತಮ್ಮ ಪರಿಚಯ ಹೇಳುವಾಗ ಅವಳು “ನಾನು ಇಲ್ಲಿ ಓದಿದ್ದು ಎರಡೇ ವರ್ಷ. ಅತ್ತರು ಹಾಕ್ಕೊಂಡು ಹುಳ ಸಾಯಿಸಿದ್ನಲ್ಲ, ಅವಳೇ ನಾನು” ಎಂದಳು. ಎಲ್ಲರೂ ನಕ್ಕರು. ಅವಳ ಮೊಮ್ಮಗಳೂ ನಕ್ಕಳು. ಆ ಮಗುವಿಗೂ ಆ ಕತೆ ಗೊತ್ತಿತ್ತು.

ನನಗೆ ಕೂರಲಾಗಲಿಲ್ಲ. ಊಟಕ್ಕೆ ಎದ್ದಾಗ ಅವಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಮೊಮ್ಮಗಳ ಎದುರಿಗೇ ಹೇಳಿದೆ, ಆ ಮಗುವಿಗೂ ಗೊತ್ತಾಗಲಿ ಎಂದು.

ಅವಳು ಮಜ್ಜಿಗೆಯ ಲೋಟ ಕೆಳಗಿಟ್ಟಳು. “ಎಲ್ಲಿಯ ಸೊಪ್ಪು ಅದು?” ಎಂದು ಕೇಳಿದಳು.

“ಬದನೆ ತೋಟದ ಪಕ್ಕದ್ದು. ಔಷಧಿ ಹೊಡೆದಿದ್ರು.”

ಬೈಯುತ್ತಾಳೆ ಎಂದುಕೊಂಡೆ. ಇಲ್ಲವೇ, ಹೋಗಲಿ ಬಿಡಿ, ಹಳೇ ಮಾತು ಎನ್ನುತ್ತಾಳೆ ಎಂದುಕೊಂಡೆ. ಎರಡೂ ಆಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು: “ಅವತ್ತಿಂದ ನಮ್ಮ ಅಬ್ಬಾ ಅತ್ತರು ಮುಟ್ಟಲಿಲ್ಲ. ಸಾಯೋಗಂಟ ಹಬ್ಬಕ್ಕೂ ಹಚ್ಕೊಳ್ಳಲಿಲ್ಲ. ಮಗಳ ಓದು ನಾನೇ ಕಳೆದೆ ಅನ್ನೋರು. ಈಗ ಅವರಿಗೆ ಯಾರು ಹೇಳ್ತಾರೆ?”

ಅವಳು ಮೊಮ್ಮಗಳನ್ನು ಕರೆದುಕೊಂಡು ಊಟಕ್ಕೆ ಕೂತಳು. ಹೊರಡುವಾಗ ನನ್ನ ಕಡೆ ನೋಡಲಿಲ್ಲ.

ನಿಮ್ಮ ಶಾಲೆಯಲ್ಲಿ ಕೋಣೆಗೊಂದು ಕ್ಯಾಮೆರಾ ಇದೆ. ನೀವು ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ನಿಮ್ಮ ತಪ್ಪು ನಿಮ್ಮ ಅಮ್ಮನ ಫೋನಿಗೆ ಬಂದಿರುತ್ತದೆ. ನಮ್ಮ ಶಾಲೆಯೇ ಚೆನ್ನಾಗಿತ್ತು ಎಂದು ನಾನು ಯಾವಾಗಲೂ ಜಂಬ ಕೊಚ್ಚುತ್ತಿದ್ದೆನಲ್ಲ, ಈಗ ಅಷ್ಟು ಜೋರಾಗಿ ಹೇಳಲು ಬಾಯಿ ಬರುವುದಿಲ್ಲ. ನಿಮ್ಮ ಕ್ಯಾಮೆರಾ ಅಲ್ಲಿದ್ದಿದ್ದರೆ ನಾನು ಆ ಮಧ್ಯಾಹ್ನವೇ ಸಿಕ್ಕಿಬೀಳುತ್ತಿದ್ದೆನೇನೋ, ಅವಳು ಮಾರನೇ ದಿನ ಸೈಕಲ್ಲಿನಿಂದ ಇಳಿದು ಓಡಿ ಬರುತ್ತಿದ್ದಳೇನೋ. ಆದರೆ ನಾನು ಸೊಪ್ಪು ಕಿತ್ತದ್ದು ದಾರಿಯ ಪಕ್ಕದಲ್ಲಿ. ಅಂಥ ಜಾಗ ನಿಮಗೂ ಸಿಗುತ್ತದೆ, ಯಾವ ಕ್ಯಾಮೆರಾವೂ ನೋಡದ ಜಾಗ. ಅಲ್ಲಿ ಏನಾದರೂ ಮಾಡಿಬಿಟ್ಟರೆ ಹತ್ತು ಎಣಿಸುತ್ತಾ ಕೂರಬೇಡಿ. ಕೇಳಿಸಿಕೊಳ್ಳಬೇಕಾದವರೆಲ್ಲ ಬದುಕಿರುವಾಗಲೇ ಹೇಳಿಬಿಡಿ. ನಾನು ಹೇಳುವ ಹೊತ್ತಿಗೆ ಅವರಲ್ಲಿ ಒಬ್ಬಳು ಮಾತ್ರ ಉಳಿದಿದ್ದಳು.